ಸುವರ್ಣಾ ತಡೆದ ಹಸಿರು ದೀಪ

ಸುವರ್ಣಾ ಸೇಡಂ ಕಡೆಯವಳು. ಕುಷಾಯಿಗೂಡದ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ಅವಳು ಮಾಡಿದ್ದು ಒಂದೇ ಕೆಲಸ: ಅಳೆಯುವ ಉಪಕರಣಗಳು ಎಷ್ಟು ಸರಿಯಾಗಿ ಅಳೆಯುತ್ತವೆ ಎಂದು ನೋಡುವುದು. ಯಾವ ಮೀಟರೂ ಪೂರ್ತಿ ನಿಜ ಹೇಳುವುದಿಲ್ಲ, ಎಷ್ಟು ತಪ್ಪಬಹುದೆಂದು ಗೊತ್ತಿದ್ದರೆ ಸಾಕು ಎನ್ನುವುದನ್ನು ಅಲ್ಲೇ ಕಲಿತಳು. 2005ರಲ್ಲಿ ಆ ವಿಭಾಗ ಮುಚ್ಚಿದಾಗ ಅವಳಿಗೆ ಮೂವತ್ತೇಳು. ಗಚ್ಚಿಬೌಲಿಯ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದು ಟೆಸ್ಟಿಂಗ್‌ಗೆ ಜನ ಹುಡುಕುತ್ತಿತ್ತು, ಸೇರಿಕೊಂಡಳು. ಸುತ್ತ ಕೂತವರೆಲ್ಲ ಅವಳಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು.

ಕಟ್ಟಡ ಕಟ್ಟುವ ಕ್ರೇನುಗಳಿಗೆ ಕಂಪನಿ ಪ್ರೋಗ್ರಾಂ ಬರೆಯುತ್ತಿತ್ತು. ಕೊಕ್ಕೆಯಲ್ಲಿ ಎಷ್ಟು ಭಾರ ಇದೆ, ಅದು ಕಂಬದಿಂದ ಎಷ್ಟು ದೂರ ಇದೆ ಎಂದು ಸೆನ್ಸರುಗಳು ಓದುತ್ತವೆ. ಎತ್ತಬಹುದೇ ಎಂದು ಪ್ರೋಗ್ರಾಂ ಹೇಳುತ್ತದೆ. ಅದನ್ನು ಬರೆದವನು ಮೈಸೂರಿನ ಋಷಭ್. ಒಂದು ಪರೀಕ್ಷೆಯಲ್ಲಿ ಮಿತಿ ಎರಡು ಸಾವಿರ ಕಿಲೋ ಇತ್ತು. ಸೆನ್ಸರ್ 1,990 ಎಂದಿತು, ಪರದೆಯ ಮೇಲೆ ಹಸಿರು ದೀಪ ಬಂತು. ಸುವರ್ಣಾ ಪಾಸು ಮಾಡಲಿಲ್ಲ. ಲೆಕ್ಕ ಸರಿ ಇದೆಯಲ್ಲ ಮೇಡಂ ಎಂದು ಋಷಭ್ ಕೇಳಿದ.

“ಲೆಕ್ಕ ಸರಿ ಐತಿ. ಆದರ ಈ ಸೆನ್ಸರ್ ನೂರಕ್ಕ ಒಂದರಷ್ಟು ತಪ್ಪತೈತಿ. ಖರೇ ಭಾರ 1,970 ಇರಬಹುದು, 2,010ನೂ ಇರಬಹುದು. ನಮಗ ಗೊತ್ತಿಲ್ಲ. ಗೊತ್ತಿಲ್ಲದಾಗ ಹಸಿರು ಹೆಂಗ ತೋರಸೂದು?”

ಋಷಭ್ ಆ ಎರಡು ಸಂಖ್ಯೆ ಬರೆದುಕೊಂಡು ಹೋದ. ಎರಡು ದಿನ ಬಿಟ್ಟು ಕೆಲವು ಜೆರಾಕ್ಸ್ ಹಾಳೆ ಹಿಡಿದು ಬಂದ. ಕಾಲೇಜಿನಲ್ಲಿ ಓದದೇ ಬಿಟ್ಟಿದ್ದ ಪಾಠವದು, ಇಂಟರ್ವಲ್ ಅರಿತ್‌ಮೆಟಿಕ್. ಪ್ರತಿ ಅಳತೆಯನ್ನೂ ಒಂದು ಸಂಖ್ಯೆಯಾಗಿ ಅಲ್ಲ, ಕೆಳತುದಿ ಮೇಲ್ತುದಿ ಎಂದು ಎರಡಾಗಿ ಇಟ್ಟುಕೊಂಡು ಕೂಡಿಸುವುದು, ಗುಣಿಸುವುದು. ಕಂಪ್ಯೂಟರ್ ದಶಾಂಶ ಕತ್ತರಿಸಬೇಕಾದಾಗ ಕೆಳತುದಿಯನ್ನು ಇನ್ನಷ್ಟು ಕೆಳಗೆ, ಮೇಲ್ತುದಿಯನ್ನು ಇನ್ನಷ್ಟು ಮೇಲಕ್ಕೆ ಸರಿಸುವುದು. ಹಾಗೆ ಮಾಡಿದರೆ ನಿಜವಾದ ಉತ್ತರ ಎಂದೂ ಹೊರಗೆ ಉಳಿಯುವುದಿಲ್ಲ. ಸುವರ್ಣಾಗೆ ಹೆಸರಷ್ಟೇ ಹೊಸದು.

ಆದರೆ ಆ ಲೆಕ್ಕ ಹಾಕಿ ಋಷಭ್ ಬರೆದ ಹೊಸ ಪ್ರೋಗ್ರಾಂ ಮಿತಿಯ ಅರ್ಧ ಭಾರವನ್ನೂ ಎತ್ತಲು ಬಿಡಲಿಲ್ಲ. ತುದಿಗಳ ನಡುವೆ ಅಷ್ಟು ಅಂತರ ಬರುತ್ತಿತ್ತು. ಮ್ಯಾನೇಜರ್ ಚಂದ್ರಕಾಂತ ಒಂದು ವಾರ ಕೊಟ್ಟು, ಆಗದಿದ್ದರೆ ಹಳೆಯದನ್ನೇ ಕಳಿಸುವುದು ಎಂದರು.

ಸುವರ್ಣಾ ಸೂತ್ರವನ್ನು ಕಾಗದದ ಮೇಲೆ ಬರೆದುಕೊಂಡು ಕೈಯಲ್ಲೇ ಲೆಕ್ಕ ಮಾಡತೊಡಗಿದಳು, ಬಸ್ಸಿನಲ್ಲೂ. ನಾಲ್ಕನೆಯ ದಿನ ಗೊತ್ತಾಯಿತು. ಸೂತ್ರದಲ್ಲಿ ದೂರ ಎರಡು ಸಲ ಬರುತ್ತಿತ್ತು, ಒಂದು ಕಡೆ ಕೂಡಲು, ಇನ್ನೊಂದು ಕಡೆ ಕಳೆಯಲು. ಎರಡೂ ಒಂದೇ ದೂರ ಎಂದು ಯಂತ್ರಕ್ಕೆ ತಿಳಿಯದು. ಒಂಬತ್ತರಿಂದ ಹನ್ನೊಂದರ ನಡುವಿನ ಅಳತೆಯಿಂದ ಅದೇ ಅಳತೆ ಕಳೆದರೂ ಸೊನ್ನೆ ಬರದೆ, ಮೈನಸ್ ಎರಡರಿಂದ ಎರಡರವರೆಗೆ ಎನ್ನುತ್ತಿತ್ತು. ದೂರ ಒಂದೇ ಸಲ ಬರುವಂತೆ ಅವಳು ಸೂತ್ರ ಬದಲಿಸಿದಳು. ಋಷಭ್ ಓಡಿಸಿ ನೋಡಿದ. ಅಂತರ ಹಿಡಿತಕ್ಕೆ ಬಂತು. ಅವನು ಎದ್ದು ಹೋಗಿ ಇಬ್ಬರಿಗೂ ಚಹಾ ತಂದ.

ಹತ್ತಿರದ ಒಂದು ಸೈಟಿನಲ್ಲಿ ಅದನ್ನು ಪರೀಕ್ಷೆಗೆ ಹಾಕಿದರು. ಕೆಳಗೆ ನಿಂತು ಕ್ರೇನಿಗೆ ಸನ್ನೆ ಮಾಡುವವನು ಯಾದಗಿರಿಯ ಹುಸೇನಪ್ಪ. ಮೂರನೆಯ ದಿನ ಕಬ್ಬಿಣದ ಸರಳಿನ ಕಟ್ಟೊಂದಕ್ಕೆ ಹಳದಿ ದೀಪ ಬಂತು: ಕೆಳತುದಿ ಮಿತಿಯೊಳಗೆ, ಮೇಲ್ತುದಿ ಹೊರಗೆ. ಹುಸೇನಪ್ಪ ಕಟ್ಟು ಬಿಚ್ಚಿಸಿ ಅರ್ಧರ್ಧವಾಗಿ ಎರಡು ಸಲ ಎತ್ತಿಸಿದ. ಆಮೇಲೆ ಸುವರ್ಣಾ ಇದ್ದಲ್ಲಿಗೆ ಬಂದ.

“ಮೊದಲಿನ ಮಷೀನು ಹೂಂ ಇಲ್ಲಾ ಉಹೂಂ ಅಂತಿತ್ತರಿ ಅಕ್ಕಾರ. ಇದು ಗೊತ್ತಿಲ್ಲ ಅಂತನೂ ಹೇಳತೈತಿ. ಭಾಳ ಚಲೋ ಆತು. ಕೆಳಗ ನಿಂದ್ರಾವ್ರು ನಾವs ಅಲ್ಲರಿ.”

ಆ ವರ್ಷ ಇನ್ನೂ ಐದು ಸೈಟುಗಳು ಅದೇ ಪ್ರೋಗ್ರಾಂ ತೆಗೆದುಕೊಂಡವು. ಹೊಸದಾಗಿ ಸೇರಿದವರಿಗೆ ಸೋಮವಾರ ಪಾಠ ಮಾಡಲು ಚಂದ್ರಕಾಂತ ಸುವರ್ಣಾಗೇ ಹೇಳಿದರು. ಮೊದಲ ದಿನ ಅವಳು ಹನ್ನೊಂದು ಜನರ ಕೈಗೂ ಸ್ಕೇಲ್ ಕೊಟ್ಟು ಒಂದೇ ಮೇಜನ್ನು ಅಳೆಯಿಸಿದಳು. ಏಳು ಉತ್ತರ ಬಂದವು. ಯಾರದು ಸರಿ ಎಂದು ಅವರವರಲ್ಲೇ ಜಗಳ ಶುರುವಾಯಿತು. ಸುವರ್ಣಾ ನಗುತ್ತ ಬೋರ್ಡಿನ ಕಡೆ ತಿರುಗಿ, ಎಲ್ಲಕ್ಕಿಂತ ಚಿಕ್ಕದನ್ನೂ ದೊಡ್ಡದನ್ನೂ ಬರೆದಳು.