ಶೇಖ್ ಕುಡಿಯದೆ ಇಟ್ಟ ಕಾಫಿ

1991. ಒಮಾನಿನ ಸಲಾಲಾದ ಒಂದು ಹೋಟೆಲಿನಲ್ಲಿ ನಾನು ಬ್ಯಾಂಕ್ವೆಟ್ ಸೂಪರ್‌ವೈಸರ್, ಅಂದರೆ ಸಭೆ ಸಮಾರಂಭಗಳ ಊಟೋಪಚಾರದ ಉಸ್ತುವಾರಿಯವ. ಹಿಂದಿನ ವರ್ಷವಷ್ಟೇ ಎರಡು ಯೆಮೆನ್‌ಗಳು ಸೇರಿ ಪಕ್ಕದಲ್ಲೊಂದು ಹೊಸ ದೇಶವಾಗಿತ್ತು. ಒಮಾನಿಗೂ ಅದಕ್ಕೂ ನಡುವಿನ ಗಡಿ ಇನ್ನೂ ಇತ್ಯರ್ಥವಾಗಿರಲಿಲ್ಲ. ಆ ಮರಳುಗಾಡಿನಲ್ಲಿದ್ದ ಒಂದು ಬಾವಿಗಾಗಿ ಎರಡೂ ಕಡೆಯ ಬುಡಕಟ್ಟಿನವರು ಗುಂಡು ಹಾರಿಸಿಕೊಂಡು, ಹಿರಿಯರ ಮಾತಿಗೆ ಕಟ್ಟುಬಿದ್ದು ಸದ್ಯಕ್ಕೆ ಕೋವಿ ಕೆಳಗಿಟ್ಟಿದ್ದರು. ಈ ಕದನವಿರಾಮ ಮುರಿದರೆ ಬುಡಕಟ್ಟುಗಳ ಜಗಳ ದೇಶಗಳ ಜಗಳವಾದೀತೆಂದು ಅಧಿಕಾರಿಗಳಿಗೆ ಆತಂಕ. ಹಾಗಾಗಿ ನಮ್ಮ ಹೋಟೆಲಿನಲ್ಲಿ ಮಾತುಕತೆ ಏರ್ಪಾಡಾಯಿತು.

ಕಸುಬಿನ ಬಗ್ಗೆ ನನಗೆ ಆಗ ಸ್ವಲ್ಪ ಜಂಬವಿತ್ತು. ಮಂಗಳೂರಿನ ಹೋಟೆಲೊಂದರಲ್ಲಿ ಟೇಬಲ್ ಒರೆಸುತ್ತಾ ಮೇಲೆ ಬಂದವನು ನಾನು. ಗಿರಾಕಿಯ ಮುಂದೆ ತಣ್ಣಗಾದ ಕಾಫಿ ಇದ್ದರೆ ಹೋಟೆಲಿಗೇ ಅವಮಾನ ಎಂದು ಅಲ್ಲಿನ ಧಣಿಗಳು ನಮ್ಮ ತಲೆಗೆ ತುಂಬಿದ್ದರು.

ಬೆಳಿಗ್ಗೆ ಹತ್ತಕ್ಕೆ ಸಭೆ. ಆತಿಥೇಯರು ಒಮಾನಿನ ಹಿರಿಯ ಅಧಿಕಾರಿ; ಅವರ ಪಕ್ಕದಲ್ಲಿ ಒಮಾನ್ ಕಡೆಯ ಬುಡಕಟ್ಟಿನ ಹಿರಿಯರು. ಎದುರಿಗೆ ಯೆಮೆನ್ ಕಡೆಯ ಬುಡಕಟ್ಟಿನ ಮುಖಂಡ, ವೃದ್ಧ ಶೇಖ್. ಉಳ್ಳಾಲದವರಾದ ನನ್ನ ಹಿರಿಯ ಸಹೋದ್ಯೋಗಿ ಹಮೀದಾಕ ಪುಟ್ಟ ಕಪ್ಪುಗಳಿಗೆ ಕಾಫಿ ಬಗ್ಗಿಸಿ ಕೊಟ್ಟರು. ಶೇಖ್ ಕಪ್ ತೆಗೆದುಕೊಂಡು, ತುಟಿಗೂ ತಾಗಿಸದೆ ಮುಂದಿಟ್ಟರು. ಅಧಿಕಾರಿ ಯಾವುದೋ ಕಾಗದ ಓದುತ್ತಿದ್ದರು, ಗಮನಿಸಲಿಲ್ಲ. ನಾನು ಗಮನಿಸಿದೆ. ಎರಡು ನಿಮಿಷ ಕಾದು, ಸದ್ದಿಲ್ಲದೆ ಹೋಗಿ ಕಪ್ ಎತ್ತಿಕೊಂಡು ಬಂದೆ.

ಶೇಖ್ ಎದ್ದು ನಿಂತರು. ನೇರ ಬಾಗಿಲಿನತ್ತ ಹೊರಟರು. ಅವರ ಜನರೆಲ್ಲ ಹಿಂದೆಯೇ ಹೋದರು.

ಹಮೀದಾಕ ನನ್ನ ತೋಳು ಹಿಡಿದರು. “ಶೆಟ್ರೇ, ಎಂಥ ಮಾಡಿದ್ದು ಮಾರಾಯ್ರೆ? ಕುಡಿಯದೆ ಇಟ್ರೆ ಏನೋ ಕೇಳ್ಲಿಕ್ಕುಂಟು ಅಂತ. ಮನೆಯವ ಆಯ್ತು ಅಂದ ಮೇಲೆಯೇ ಅವ್ರು ಕುಡಿಯುದು. ನೀವು ಕಪ್ಪೇ ತೆಗ್ದ್ರಿ. ಕೇಳುವ ಮೊದ್ಲೇ ಆಗುದಿಲ್ಲ ಅಂದ ಹಾಗಾಯ್ತು.”

ಕೆಲಸ ಹೋಗುವುದು ಆಮೇಲಿನ ಮಾತು. ಬಾವಿಯ ಹತ್ತಿರ ಮತ್ತೆ ಗುಂಡು ಹಾರಿದರೆ? ಕಪ್ ತೆಗೆಸಿದ್ದು ಅಧಿಕಾರಿಯೇ ಎಂದು ಶೇಖ್ ತಿಳಿದಿದ್ದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಹಾಗೆಯೇ ಉಳಿಯುತ್ತಿತ್ತು. ಹಮೀದಾಕನನ್ನು ಎಳೆದುಕೊಂಡು ಬಾಗಿಲಿಗೆ ಓಡಿದೆ.

ಶೇಖ್ ಜೀಪಿನ ಬಾಗಿಲಿಗೆ ಕೈ ಹಾಕಿದ್ದರು. ಏನಾಯಿತೆಂದು ತಿಳಿಯದೆ ಅಧಿಕಾರಿಯೂ ಹಿಂದೆ ಬಂದಿದ್ದರು.

“ನನಗೆ ಯಾರೂ ಹೇಳಿಲ್ಲ. ಕಾಫಿ ತಣ್ಣಗಾಯ್ತು ಅಂತ ನಾನೇ ತೆಗ್ದದ್ದು. ಬಿಸಿ ತರುವ ಅಂತ,” ಎಂದೆ. ಹಮೀದಾಕ ಅದನ್ನು ಅರಬ್ಬಿಯಲ್ಲಿ ಹೇಳಿದರು.

ಶೇಖ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮುಖದ ಬಿಗಿ ಸ್ವಲ್ಪ ಸಡಿಲವಾಯಿತು. “ಹಾಗಾದರೆ ತಾ,” ಎಂದರು.

ಎಲ್ಲರೂ ಮತ್ತೆ ಒಳಗೆ ಬಂದು ಕೂತರು. ಈ ಸಲ ಅಧಿಕಾರಿಯೇ ಕೈಯಾರೆ ಕಾಫಿ ಬಗ್ಗಿಸಿದರು. ಶೇಖ್ ಮತ್ತೆ ಕುಡಿಯದೆ ಮುಂದಿಟ್ಟರು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಅಂಟಿ ನಿಂತಿದ್ದೆ. ನಿಮ್ಮ ಮಾತೇನೆಂದು ಅಧಿಕಾರಿ ಕೇಳಿದರು. ಗಡಿ ತೀರ್ಮಾನವಾಗುವವರೆಗೆ ತಮ್ಮ ಹೆಂಗಸರನ್ನೂ ಆಡುಗಳನ್ನೂ ಬಾವಿಗೆ ಬರಲು ಬಿಡಬೇಕು ಎಂದರು ಶೇಖ್.

ಅಧಿಕಾರಿ ತಮ್ಮ ಕಡೆಯ ಹಿರಿಯರ ಮುಖ ನೋಡಿದರು. ಅವರು ಆಗಲಿ ಎಂದು ತಲೆಯಾಡಿಸಿದರು.

“ಕಾಫಿ ಕುಡಿಯಿರಿ. ಗಡಿ ತೀರ್ಮಾನವಾಗುವವರೆಗೆ ನೀರು ಇಬ್ಬರದೂ,” ಎಂದರು ಅಧಿಕಾರಿ.

ಶೇಖ್ ಒಂದೇ ಗುಟುಕಿಗೆ ಕುಡಿದರು. ನನಗೆ ಹೋದ ಜೀವ ಬಂದಂತಾಯಿತು. ಪ್ಯಾಂಟ್ರಿಯ ಸ್ಟೂಲಿನ ಮೇಲೆ ಕೂತು ನಾಚಿಕೆ ಬಿಟ್ಟು ಅತ್ತೆ. “ಖಲಾಸ್ ಶೆಟ್ರೇ, ಇನ್ನು ಎಂಥ ಅಳುದು? ಊಟ ಬಡಿಸ್ಲಿಕ್ಕುಂಟು,” ಎಂದು ಹಮೀದಾಕ ಎಬ್ಬಿಸಿದರು.

ಹೊರಡುವಾಗ ಅಧಿಕಾರಿ ನನ್ನ ಹೆಸರು ಕೇಳಿದರು. ಕೆಲಸ ಹೋಯಿತೆಂದುಕೊಂಡೇ ಹೇಳಿದೆ. “ಮುಂದಿನ ಸಭೆಗೂ ನೀವೇ ಇರಿ. ಆ ಕಪ್ಪನ್ನು ನಾನು ನೋಡಲೇ ಇಲ್ಲ, ನೀವಾದರೂ ನೋಡಿದಿರಿ,” ಎಂದರು.

ಅವರದು ದೊಡ್ಡ ಮನಸ್ಸು. ಆದರೆ ನಾನು ನೋಡಿದ್ದು ಸಾಲದು, ಯಾಕೆಂದು ಕೇಳಬೇಕಿತ್ತು. ಉಪಚಾರದ ಕೆಲಸ ನನಗೆ ಕಲಿಸಿದ ಪಾಠ ಅದು; ಕಲಿಯುವಷ್ಟರಲ್ಲಿ ಒಂದು ಯುದ್ಧವೇ ಆಗಿಬಿಡುತ್ತಿತ್ತು.