ಎರಡನೆಯ ಚಾವಿ

ಅಥವಾ ನಮ್ಮ ಕಾರಿನ ವೈಪರ್ ತಾನಾಗಿಯೇ ತಿರುಗಿದ್ದು ಆ ಸಂತೆಯ ದಿನ ಅಲ್ಲವೇನೋ. ಎಷ್ಟೋ ಜನರಿಗೆ ಇದನ್ನು ಹೇಳಿದ್ದೇನೆ. ಹೇಳುವಾಗಲೆಲ್ಲ ಸಂಶಿಯ ಸಂತೆ ಬರುತ್ತದೆ, ನೆತ್ತಿಯ ಮೇಲಿನ ಬಿಸಿಲು ಬರುತ್ತದೆ, ಒಣಗಾಜಿನ ಮೇಲೆ ಕರಕರ ಎನ್ನುತ್ತ ಓಡಾಡುವ ವೈಪರ್ ಬರುತ್ತದೆ. ರಸ್ತೆ ಬದಿಯ ಮುದುಕಿ ನಕ್ಕು, "ಯಣ್ಣಾ, ಮಳಿ ನಿಮ್ಮ ಗಾಡಿಗಷ್ಟ ಬರಾಕತ್ತೈತೇನ?" ಎನ್ನುತ್ತಾಳೆ. ಆದರೆ ಒಮ್ಮೆ ಅವಳ ಮುಂದೆ ಉಳ್ಳಾಗಡ್ಡಿ ಇರುತ್ತದೆ, ಇನ್ನೊಮ್ಮೆ ಹಸಿ ಮೆಣಸಿನಕಾಯಿ. ಕಾಕಾ ಒಬ್ಬರೇ ಕಾರಿನಲ್ಲಿದ್ದರು ಎಂದೂ ಕೆಲವರಿಗೆ ಹೇಳಿದ್ದೇನೆ. ಹಾಗಿದ್ದರೆ ಆ ಮಾತು ನನ್ನ ಕಿವಿಗೆ ಬಿದ್ದದ್ದು ಹೇಗೆ?

ವೈಪರನ್ನು ಬಿಡೋಣ. ಕಾಕಾ ಕೈ ತಗುಲಿಸಿದ್ದಾರೆ ಎಂದು ಆಗ ಎಲ್ಲರೂ ಅಂದುಕೊಂಡೆವು. ನಿಜವಾಗಿ ತೊಂದರೆ ಕೊಟ್ಟದ್ದು ಬ್ಯಾಟರಿ. ಆ ಮಳೆಗಾಲದಲ್ಲಿ ಅದು ಮೂರು ಸಲ ಪೂರ್ತಿ ಇಳಿದುಹೋಯಿತು. ನಸುಕಿನಲ್ಲಿ ಹೊಲಕ್ಕೆ ಹೊರಟವರು ಕಾರಿನ ಲೈಟು ಉರಿಯುತ್ತಿದ್ದುದನ್ನು ನೋಡಿದ್ದರು. ಬೆಳಿಗ್ಗೆ ನಾನು ಚಾವಿ ತಿರುವಿದರೆ ಟಕ್ ಎಂಬ ಸದ್ದೂ ಇಲ್ಲ. ಲೈಟಿನ ಸ್ವಿಚ್ಚು ಯಾವ ಕಡೆಗಿತ್ತು ಎಂದು ಮೊದಲು ನೋಡಬೇಕಿತ್ತು. ನೋಡಲಿಲ್ಲ, ಅಥವಾ ನೋಡುವ ಮೊದಲೇ ಅದನ್ನು ಹಿಂದೆ ಮುಂದೆ ತಿರುವಿ ಸಾಕ್ಷಿಯನ್ನು ನಾನೇ ಅಳಿಸಿಬಿಟ್ಟೆ.

"ಆರಿಸೀನೋ ತಮ್ಮಾ," ಎಂದರು ಕಾಕಾ. "ಆರಿಸಿ, ಬಾಗಲಾ ಹಾಕಿ, ಎಳದೂ ನೋಡೀನಿ."

"ಮರತಿರ್ತೀರಿ, ಕಾಕಾ."

ಕಾಕಾ ಎಂದರೆ ನನ್ನ ತಂದೆಯ ತಮ್ಮ. ತಂದೆ ತೀರಿಕೊಂಡ ಮೇಲೂ ನಾವೆಲ್ಲ ಒಂದೇ ಮನೆಯಲ್ಲಿದ್ದೇವೆ. ನಾನು ಕುಂದಗೋಳದ ಹೈಸ್ಕೂಲಿನಲ್ಲಿ ಮಾಸ್ತರ, ಬಸ್ಸಿನಲ್ಲಿ ಹೋಗಿ ಬರುವವನು. ಕಾರು ಹೆಚ್ಚಾಗಿ ಓಡುತ್ತಿದ್ದದ್ದು ಕಾಕಾನ ಕೈಯಲ್ಲಿ. ನನಗೆ ಕಾರು ಕಲಿಸಿದವರೂ ಅವರೇ. ಓಣಿಯಲ್ಲಿ ಯಾರಿಗೆ ಏನಾದರೂ ಮೊದಲು ನಮ್ಮ ಕಟ್ಟೆಗೆ ಓಡಿ ಬರುತ್ತಿದ್ದರು. ಎರಡು ಹೆರಿಗೆಗಳು ಹುಬ್ಬಳ್ಳಿಯ ದಾರಿಯಲ್ಲಿ ನಮ್ಮ ಕಾರಿನಲ್ಲೇ ಆಗುವುದು ಸ್ವಲ್ಪದರಲ್ಲಿ ತಪ್ಪಿತ್ತು.

ಮೂರನೆಯ ಸಲದ ನಂತರ ನಾನು ಕಾಕಾನ ಮರೆವಿಗೆ ಸಾಕ್ಷಿ ಕಲೆಹಾಕತೊಡಗಿದೆ. ಉಂಡೆಯೇನು ಎಂದು ಎರಡೆರಡು ಸಲ ಕೇಳುತ್ತಾರೆ. ಮಠಕ್ಕೆ ಹೋದವರು ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದರು. ಒಂದೊಂದೂ ಅರವತ್ತೆಂಟು ವರ್ಷದ ಯಾರಿಗಾದರೂ ಆಗುವಂಥದ್ದೇ. ಆದರೆ ನಾನು ಅವನ್ನು ಸಾಲಾಗಿ ಜೋಡಿಸಿದೆ, ಜೋಡಿಸಿದ ಮೇಲೆ ಅವು ಒಂದು ಕಾಯಿಲೆಯಂತೆ ಕಾಣಿಸತೊಡಗಿದವು. ಅವರನ್ನು ಹುಬ್ಬಳ್ಳಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಮೂರು ಶಬ್ದ ಹೇಳಿ, ಐದು ನಿಮಿಷ ಬೇರೆ ಮಾತಾಡಿ, ಆ ಶಬ್ದಗಳನ್ನು ಮತ್ತೆ ಕೇಳಿದರು.

"ನಿಂಬಿಹಣ್ಣು," ಎಂದರು ಕಾಕಾ. "ಬಾಗಲಾ. ಮೂರನೇದು... ಮೂರನೇದು ನಿಮಗರ ನೆನಪೈತೇನ್ರಿ?"

ಡಾಕ್ಟರು ಕೈಯಲ್ಲಿದ್ದ ಕಾಗದ ನೋಡಿದರು. ಕಾಕಾ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಈ ವಯಸ್ಸಿಗೆ ಇಷ್ಟು ಮರೆವು ಸಹಜ, ಆರು ತಿಂಗಳು ಬಿಟ್ಟು ಬನ್ನಿ ಎಂದರು ಡಾಕ್ಟರು. ಮನೆಗೆ ಬಂದು ನಾನು ಗೋಡೆಯ ಮೊಳೆಯಲ್ಲಿದ್ದ ಕಾರಿನ ಚಾವಿ ತೆಗೆದುಕೊಂಡು ಕಿಸೆಗೆ ಹಾಕಿಕೊಂಡೆ. ಕಾಕಾ ನೋಡಿ, ಕಟ್ಟೆಗೆ ಹೋಗಿ ಕೂತರು. ಅವರು ಕೂಗಾಡಿದ್ದರೆ ಒಳ್ಳೆಯದಿತ್ತು.

ಆಮೇಲಿನ ದಿನಗಳ ಬಗ್ಗೆ ನನಗೆ ತಿಳಿದಿರುವುದು ಬೇರೆಯವರಿಂದ ಕೇಳಿದ್ದು, ಏಕೆಂದರೆ ಹಗಲು ನಾನು ಶಾಲೆಯಲ್ಲಿರುತ್ತಿದ್ದೆ. ಒಂದು ಮಧ್ಯಾಹ್ನ ಓಣಿಯ ಕೊನೆಯ ಮನೆಯವನು ತಾಯಿ ಬಚ್ಚಲಲ್ಲಿ ಜಾರಿ ಬಿದ್ದಳೆಂದು ಓಡಿ ಬಂದ. ಕಾಕಾ ಕಟ್ಟೆಯ ಮೇಲಿದ್ದರು, ಕಾರು ಅವರ ಬೆನ್ನ ಹಿಂದೆ ಅಂಗಳದಲ್ಲಿತ್ತು. "ಚಾವಿ ನಮ್ಮ ಹುಡುಗನ ಕಡೆ ಐತೆಪಾ. ಅಂವಾ ಸಾಲಿಗೆ ಹೋಗ್ಯಾನ," ಎಂದರಂತೆ. ಆಟೋ ಬರುವುದಕ್ಕೆ ಒಂದು ತಾಸು ಹಿಡಿಯಿತು. ಮುದುಕಿಯ ಕೈ ಮುರಿದಿತ್ತು. ಸಂಜೆ ಆ ಮನೆಗೆ ಮಾತಾಡಿಸಲು ಹೋದಾಗ ನನಗೆ ಚಹಾ ಕೊಟ್ಟು ಒಬ್ಬೊಬ್ಬರಾಗಿ ಒಳಗೆ ಹೋದರು.

ನಂತರ ಒಂದು ಭಾನುವಾರ ಊಟದ ಹೊತ್ತಿಗೆ ಕಾಕಿ ಅಂಗಳದಿಂದ ಕೂಗಿದರು. "ಲಗೂನ ಬರ್ರೀ, ಗಾಡಿ ಕಣ್ ತಗದೈತಿ!"

ಚಾವಿ ನನ್ನ ಕಿಸೆಯಲ್ಲಿತ್ತು. ಕಾರಿನ ಬಳಿ ಯಾರೂ ಇರಲಿಲ್ಲ. ಎರಡೂ ಲೈಟು ಬಿಸಿಲಿನಲ್ಲಿ ಉರಿಯುತ್ತಿದ್ದವು. ಬಾಗಿಲುಗಳು ಟಕ್ ಎಂದು ಲಾಕ್ ಆಗಿ ಟಕ್ ಎಂದು ತೆರೆದುಕೊಳ್ಳುತ್ತಿದ್ದವು. ಕಾಕಾ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ತಲೆ ಎತ್ತಿ ಒಮ್ಮೆ ಕಾರನ್ನು ನೋಡಿ, ಮತ್ತೆ ಶೇಂಗಾ ಸುಲಿದರು.

ಮರುದಿನ ರಜೆ ಹಾಕಿ, ಕಾಕಾನನ್ನೂ ಕೂರಿಸಿಕೊಂಡು ಕುಂದಗೋಳ ರಸ್ತೆಯ ವಾಯರಿಂಗ್ ಉಸ್ತಾದರ ಶೆಡ್ಡಿಗೆ ಹೋದೆ. ಟ್ರ್ಯಾಕ್ಟರಿನಿಂದ ಹಿಡಿದು ಮಸೀದಿಯ ಮೈಕಿನವರೆಗೆ ಸುತ್ತಿನ ಎಲ್ಲ ತಂತಿಗಳೂ ಗೊತ್ತಿರುವ ಮನುಷ್ಯ. ಬ್ಯಾಟರಿಯ ಒಂದು ತಂತಿ ಬಿಚ್ಚಿ, ನಡುವೆ ಮೀಟರು ಸಿಕ್ಕಿಸಿ, ಬಾಗಿಲುಗಳನ್ನೆಲ್ಲ ಹಾಕಿ ನಮ್ಮ ಜೊತೆ ಬಂದು ಕೂತರು.

"ಏನ್ ಮಾಡಾಕತ್ತೀರಿ?" ಎಂದೆ.

"ಕಾಯಾಕತ್ತೇನ್ರಿ. ಗಾಡಿ ಮಲಗಬೇಕು. ಮಲಗಿದ ಮ್ಯಾಲೂ ಕರೆಂಟ್ ತಿನ್ನಾಕತ್ತಿದ್ರ ಒಳಗ ಯಾರೋ ಎಚ್ಚರ ಅದಾರ ಅಂತ ಲೆಕ್ಕ."

ಅರ್ಧ ತಾಸು ಕಳೆದರೂ ಮೀಟರಿನ ಅಂಕಿ ಇಳಿಯಲಿಲ್ಲ. ಉಸ್ತಾದರು ಒಂದೊಂದೇ ಫ್ಯೂಸು ಕಿತ್ತು, ಮೀಟರು ನೋಡಿ, ಮತ್ತೆ ಹಾಕುತ್ತ ಹೋದರು. ಏಳನೆಯದೋ ಎಂಟನೆಯದೋ ಕಿತ್ತಾಗ ಅಂಕಿ ಧಡಕ್ಕನೆ ಬಿತ್ತು. ಲೈಟು, ವೈಪರು, ಬಾಗಿಲ ಲಾಕು, ಹಾರ್ನು ಎಲ್ಲಕ್ಕೂ ಅಪ್ಪಣೆ ಕೊಡುವ ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಡಬ್ಬಿಯ ಫ್ಯೂಸು ಅದು.

"ಹಂಗಾರ ಹೊಸಾ ಡಬ್ಬಿ ತರಸ್ರಿ," ಎಂದೆ.

"ಎಲ್ಲಾರೂ ಹಿಂಗ ನೋಡ್ರಿ. ಡಬ್ಬಿ ಬದ್ಲಿ ಮಾಡೂದು ಕಡೀಕ ಸರ್ರ. ಮೊದ್ಲ ಅದಕ್ಕ ಕರೆಂಟ್ ಸರಿ ಬರತೈತೇನು, ಅರ್ತಿಂಗ್ ಸರಿ ಐತೇನು ನೋಡಬೇಕು. ಅದರ ತಪ್ಪ ಇಲ್ದ ಅದರ ಕುತ್ತಿಗಿ ಹಿಡೀಬಾರದು."

ಕಾಕಾ ಆಗ ಜೋರಾಗಿ ಕೆಮ್ಮಿದರು. ನಿಜವಾದ ಕೆಮ್ಮೇ ಇರಬಹುದು.

ಕರೆಂಟು, ಅರ್ತಿಂಗು ಎರಡೂ ಸರಿ ಇದ್ದವು. ಉಸ್ತಾದರು ಸ್ಟೇರಿಂಗ್ ಕೆಳಗಿನ ಮುಚ್ಚಳ ಬಿಚ್ಚಿ ಡಬ್ಬಿಯನ್ನು ಹೊರಗೆ ತಂದರು. ತಂತಿ ಕೂರುವ ಪಿನ್ನುಗಳ ಮೇಲೆ ಹಸಿರು ಕಿಲುಬು, ಅದರ ಸುತ್ತ ಬಿಳಿ ಕೆಸರು ಒಣಗಿತ್ತು. ಬೆರಳಿನಲ್ಲಿ ಉಜ್ಜಿದರು, ಮೂಸಿದರು. ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ್ದ ಹಿತ್ತಾಳೆಯ ಪುಟ್ಟ ಬಸವಣ್ಣನನ್ನು ನೋಡಿದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ ನನ್ನನ್ನು ಕೇಳಿದರು.

"ಸರ್ರ, ಇದಕ್ಕ ಯಾರರ ನೀರ್ ಹಾಕ್ತಾರೇನ್ರಿ?"

ಹಾಕುತ್ತಿದ್ದರು. ಪ್ರತಿ ಸೋಮವಾರ ಕಾಕಿ ಒಂದು ಉದ್ಧರಣೆ ನೀರೆರೆದು ವಿಭೂತಿ ಹಚ್ಚುತ್ತಿದ್ದರು. ನೀರು ಗಾಜಿನ ಬುಡದ ಸಂದಿಯಿಂದ ಇಳಿದು ಎಲ್ಲಿಗೆ ಹೋಗುತ್ತದೆಂದು ಯಾರೂ ಯೋಚಿಸಿರಲಿಲ್ಲ.

"ಅದ ಅಂತ ಗ್ಯಾರಂಟಿ ಹೇಳಾಂಗಿಲ್ರಿ," ಎಂದರು ಉಸ್ತಾದರು ಗಡಿಬಿಡಿಯಿಂದ. "ಮಳಿ ನೀರೂ ಇರಬೌದು. ಮನ್ಯಾಗ ಮಳಿ ನೀರು ಅಂತನ ಹೇಳ್ರಿ. ನಿಮ್ಮ ದೇವರ ವಿಚಾರ, ನಾ ಹೇಳಿದ್ರ ಚೊಲೋ ಕಾಣಾಂಗಿಲ್ಲ."

ಕಾಕಾ ಎಲ್ಲ ಕೇಳಿಸಿಕೊಂಡಿದ್ದರು. ಬಹಳ ದಿನಗಳ ನಂತರ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮ ಕಾಕಿಗೆ ಹೇಳಬ್ಯಾಡಲೇ. ಮನಸಿಗೆ ಹಚ್ಚಿಕೋತಾಳ."

ಹೇಳಲಿಲ್ಲ. ಕಾಕಿ ಇದನ್ನು ಓದಿದರೆ ಗೊತ್ತಾಗುತ್ತದೆ.

ಹೊಸ ಡಬ್ಬಿ ಹುಬ್ಬಳ್ಳಿಯಿಂದ ಬರಲು ಒಂದು ವಾರ ಹಿಡಿಯಿತು. ಉಸ್ತಾದರು ಕಿಲುಬು ಹಿಡಿದ ತಂತಿಗಳ ತುದಿ ಬದಲಿಸಿ, ಡಬ್ಬಿ ಕೂರಿಸಿ, ಅದರ ಮೇಲೆ ಹಳೆಯ ಆಯಿಲ್ ಕ್ಯಾನು ಕತ್ತರಿಸಿ ಒಂದು ಸೂರು ಮಾಡಿದರು. ನಂತರ ಸ್ಕ್ಯಾನರ್ ಜೋಡಿಸಿದರು. ಹೊಸ ಡಬ್ಬಿಗೆ ಏನೂ ಗೊತ್ತಿರುವುದಿಲ್ಲವಂತೆ. ಇದು ಯಾವ ಕಾರು, ಅದರ ಚಾವಿ ಯಾವುದು, ಎಲ್ಲವನ್ನೂ ಕಲಿಸಬೇಕು.

"ಎರಡೂ ಚಾವಿ ಕೊಡ್ರಿ," ಎಂದರು. "ಈಗ ತೋರಸದ ಚಾವೀನ್ನ ಅದು ನಾಳಿ ಗುರತ ಹಿಡ್ಯಾಂಗಿಲ್ಲ."

ನಾನು ಕಿಸೆಯಿಂದ ಚಾವಿ ತೆಗೆದುಕೊಟ್ಟೆ. ಇನ್ನೊಂದೆಲ್ಲಿ ಎಂದು ಉಸ್ತಾದರು ಕೈ ಚಾಚಿಯೇ ನಿಂತರು. ಕಾರು ಕೊಳ್ಳುವಾಗ ಎರಡು ಚಾವಿ ಕೊಟ್ಟಿದ್ದರು ಎಂಬುದೇ ನನಗೆ ಮರೆತುಹೋಗಿತ್ತು.

ಕಾಕಾ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದರು. ಒಳಅಂಗಿಯಾಗಿ ತೊಟ್ಟಿದ್ದ ಬಂಡಿಯ ಕಿಸೆಗೆ ಕೈ ಹಾಕಿ ಒಂದು ಆಧಾರ್ ಕಾರ್ಡು, ಮಡಚಿದ ಚೀಟಿಗಳು, ವಿಭೂತಿಯ ತುಂಡು ಎಲ್ಲವನ್ನೂ ಬಾನೆಟ್ಟಿನ ಮೇಲೆ ಇಟ್ಟರು. ಕೊನೆಗೆ ಒಂದು ಚಾವಿ ಬಂತು. ಹೊಸದರಂತೆ ಹೊಳೆಯುತ್ತಿತ್ತು.

ಉಸ್ತಾದರು ನನ್ನನ್ನೂ ಅವರನ್ನೂ ನೋಡಿದರು. ನಡೆದದ್ದೆಲ್ಲ ಅವರಿಗೆ ಅಷ್ಟು ಹೊತ್ತಿಗೆ ಗೊತ್ತಿತ್ತು. "ಇದು ಕಿಸೇದಾಗ ಇತ್ತಲ್ರಿ ಕಾಕಾರ, ಮತ್ತ ಗಾಡಿ ಯಾಕ ತಗೀಲಿಲ್ಲ?"

"ಇವ ಚಾವಿ ತಗೊಂಡಿದ್ನಲ್ಲ," ಎಂದರು ಕಾಕಾ.

ಎರಡೂ ಚಾವಿಗಳನ್ನು ಡಬ್ಬಿ ಕಲಿತುಕೊಂಡಿತು. ಕಾಕಾನೇ ಓಡಿಸಿಕೊಂಡು ಮನೆಗೆ ಬಂದರು, ಈಗಲೂ ಓಡಿಸುತ್ತಾರೆ. ಬ್ಯಾಟರಿ ಮತ್ತೆ ಇಳಿದಿಲ್ಲ. ಉಂಡೆಯೇನು ಎಂದು ನನ್ನನ್ನು ಇನ್ನೂ ಎರಡು ಸಲ ಕೇಳುತ್ತಾರೆ. ಡಾಕ್ಟರು ಹೇಳಿದ ಆರು ತಿಂಗಳು ಕಳೆದಿವೆ, ನಾವು ಹೋಗಿಲ್ಲ.

ಉಸ್ತಾದರಿಗೆ ಕಾಕಾ ಹೇಳಿದ ಆ ಮಾತನ್ನು ನಾನು ಎರಡು ರೀತಿ ಕೇಳಿಸಿಕೊಂಡಿದ್ದೇನೆ. ಅಷ್ಟು ದಿನವೂ ಎದೆಯ ಮೇಲೆ ಚಾವಿ ಇಟ್ಟುಕೊಂಡು, ನಾನು ಬೇಡವೆಂದ ಮೇಲೆ ಮುಟ್ಟಬಾರದೆಂದು ಅವರು ಸುಮ್ಮನಿದ್ದಿರಬಹುದು. ಹಾಗಾದರೆ ಆ ಮುದುಕಿ ಒಂದು ತಾಸು ನರಳಿದ್ದು ನನ್ನ ಮಾತಿಗಾಗಿ. ಅಥವಾ ಆ ಕಿಸೆಯಲ್ಲಿ ಚಾವಿ ಇದೆಯೆಂಬುದನ್ನೇ ಅವರು ಮರೆತಿದ್ದರು, ಉಸ್ತಾದರು ಕೇಳಿದಾಗ ಬೆರಳಿಗೆ ಸಿಕ್ಕಿತು. ಚಾವಿ ಹೊರಬಂದ ಗಳಿಗೆಯಲ್ಲಿ ಅವರ ಮುಖ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ಬಹಳ ಪ್ರಯತ್ನಿಸಿದ್ದೇನೆ. ನಾನು ಚಾವಿಯನ್ನು ನೋಡುತ್ತಿದ್ದೆ, ಮುಖವನ್ನಲ್ಲ. ಕೇಳಿದರೆ ಹೇಳುತ್ತಾರೋ ಏನೋ. ಕೇಳಿಲ್ಲ. ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.