ಎಂಜಲು ಕಾಸು ಎಂಬ ಮಾತು

ಲಂಚ ತಿನ್ನುವವರನ್ನು, ಇನ್ನೊಬ್ಬರು ಎಸೆದ ಚಿಲ್ಲರೆಗೆ ಬಾಯಿಬಿಡುವವರನ್ನು 'ಎಂಜಲು ಕಾಸಿಗೆ ಕೈಯೊಡ್ಡುವವರು' ಎಂದು ಬೈಯುತ್ತೇವೆ. ಆ ಮಾತು ಮೊದಲು ಯಾರ ಬಾಯಿಂದ ಬಂತೋ ಯಾರಿಗೆ ಗೊತ್ತು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮೇಜು ಒರೆಸುತ್ತಿದ್ದ ಅಕ್ಕನನ್ನು ಕೇಳಿದ್ದರೆ, ಅದು ಹುಟ್ಟಿದ್ದೇ ತನ್ನ ತಮ್ಮನ ಗಲ್ಲಾಪೆಟ್ಟಿಗೆಯಲ್ಲಿ ಎಂದು ಆಣೆ ಮಾಡುತ್ತಿದ್ದಳು.

ಹೋಟೆಲು ತಮ್ಮನದು. ಗಂಡ ತೀರಿಕೊಂಡ ಮೇಲೆ ಅವಳು ಬಂದು ಸೇರಿದ್ದಳು. ಸಂಬಳವಿಲ್ಲ. "ಒಡಹುಟ್ಟಿದವಳಿಗೆ ಸಂಬಳ ಕೊಟ್ರೆ ಜನ ಏನಂದ್ಕೊಳ್ತಾರೆ?" ಎಂದು ಮರ್ಯಾದೆಯ ಮಾತಾಡಿಯೇ ತಮ್ಮ ದುಡ್ಡು ಉಳಿಸಿಕೊಂಡಿದ್ದ. ಗಿರಾಕಿಗಳು ಮೇಜಿನ ಮೇಲೆ ಬಿಡುವ ಚಿಲ್ಲರೆಯಷ್ಟೇ ಅವಳದು. ಅದರಲ್ಲಿ ಹಲ್ಲು ಕಟ್ಟಿಸಿಕೊಳ್ಳುವ ಆಸೆ. ಹಲ್ಲುಗಳು ಉದುರಿ, ಬ್ರೆಡ್ಡನ್ನೂ ನೆನೆಸಿ ನುಂಗುವ ಪಾಡಾಗಿತ್ತು.

ಆ ಚಿಲ್ಲರೆಯ ಮೇಲೂ ತಮ್ಮನ ಕಣ್ಣು ಬಿತ್ತು. ಮೇಜಿನ ಮೇಲೆ ಸಿಕ್ಕಿದ್ದೆಲ್ಲ ಗಲ್ಲಾಕ್ಕೆ ಎಂದು ಕಟ್ಟಪ್ಪಣೆ ಮಾಡಿದ. ಖಾಯಂ ಗಿರಾಕಿಗಳೇನು ಕಡಿಮೆಯೇ? ನಾಣ್ಯವನ್ನು ಉಳಿದ ಅನ್ನದೊಳಗೆ ಹೂತಿಟ್ಟು, ಚಹಾದ ಗಸಿಯಲ್ಲಿ ಮುಳುಗಿಸಿ, ಅವಳತ್ತ ಕಣ್ಣು ಮಿಟುಕಿಸಿ ಹೋಗತೊಡಗಿದರು. ಹಿತ್ತಿಲ ತೊಟ್ಟಿಯ ಬಳಿ ಅಕ್ಕ ಮೂಗು ಮುಚ್ಚಿಕೊಂಡು ಹೆಕ್ಕುತ್ತಿದ್ದಳು.

ಒಂದು ಮಧ್ಯಾಹ್ನ ಲಾರಿ ಡ್ರೈವರೊಬ್ಬ ಏಳುತ್ತಾ, "ಅಕ್ಕಾ, ಈ ತಟ್ಟೆ ಸ್ವಲ್ಪ ನೋಡ್ಕೊಂಡು ತೊಳಿ," ಎಂದ.

ತಮ್ಮನ ಕಿವಿ ನೆಟ್ಟಗಾಯಿತು. ಗಲ್ಲಾ ಬಿಟ್ಟೆದ್ದು ಬಂದವನೇ ಅವಳ ಕೈಯಿಂದ ತಟ್ಟೆ ಕಸಿದು, ಡ್ರೈವರ್ ಅಗಿದುಗುಳಿದ ಮೂಳೆ, ಸೊಪ್ಪಿನ ನಾರು ಎಲ್ಲವನ್ನೂ ಬೆರಳಲ್ಲಿ ಕೆದಕಿದ. ಮಡಚಿದ ನೋಟೊಂದು ಸಿಕ್ಕಿತು. ಅಂಟಿದ್ದ ಅಗುಳನ್ನು ಉಗುರಿನಿಂದ ಕೆರೆದ.

"ಅದು ನಂದು ಕಣೋ."

"ಥೂ! ಎಂಜಲು ಕಾಸಿಗೆ ಕೈಯೊಡ್ತೀಯಲ್ಲಕ್ಕಾ! ನಮ್ಮ ಮನೆತನ ಏನು, ನೀನು ಮಾಡ್ತಿರೋದೇನು?" ಎನ್ನುತ್ತಲೇ ನೋಟನ್ನು ಅಂಗಿಗೊರೆಸಿ ಗಲ್ಲಾಕ್ಕೆ ಸೇರಿಸಿದ. ಅದೇ ಕೈಯಲ್ಲಿ ಮುಂದಿನ ಗಿರಾಕಿಗೆ ಬನ್ನು ಎತ್ತಿಕೊಟ್ಟ.

ಎಂಜಲು ಅಕ್ಕನಿಗೆ ಹೊಸದೇನಲ್ಲ. ಆದರೆ ಆ ಬನ್ನು ನೋಡಿದವಳೇ ಹೆಗಲ ಮೇಲಿದ್ದ ಬಟ್ಟೆ ಎಳೆದುಕೊಂಡಳು.

"ಹಾಗಾದ್ರೆ ಮನೆತನದ ಕುಡಿ ನೀನೇ ತಟ್ಟೆ ಎತ್ತಪ್ಪ," ಎಂದು ಒರೆಸುವ ಬಟ್ಟೆಯನ್ನು ಗಲ್ಲಾದ ಮೇಲೆ ಹಾಕಿ, ರಸ್ತೆ ದಾಟಿ ನಿಲ್ದಾಣದ ಪಕ್ಕದ ಹೋಟೆಲಿಗೆ ಹೋದಳು.

"ಏನಕ್ಕಾ, ಇತ್ತ ಬಂದೆ?" ಎಂದ ಅದರ ಯಜಮಾನ.

"ಸಂಬಳಕ್ಕೆ. ತಿಂಗಳಿಗೆಷ್ಟು, ಮೊದಲು ಅದು ಹೇಳಿ." ಅವನು ಹೇಳಿದ ಮೊತ್ತಕ್ಕೆ ಚೌಕಾಸಿ ಮಾಡಿ ಇನ್ನಷ್ಟು ಏರಿಸಿಕೊಂಡಳು. ಮುಂದೆ ಹಲ್ಲಿನ ವೈದ್ಯರನ್ನು ಕಂತಿನಲ್ಲಿ ಹಣ ಪಡೆಯಲು ಒಪ್ಪಿಸಿದ್ದೂ ಅದೇ ನಾಲಿಗೆ.

ತಮ್ಮ ಆಳು ಹುಡುಕಲಿಲ್ಲ. ಸಂಬಳ ದಂಡ, ಮೇಲೆ ತಟ್ಟೆಯಲ್ಲಿ ಸಿಕ್ಕಿದ್ದನ್ನು ಆಳು ನುಂಗಿಹಾಕಿದರೆ? ಈಗ ತಟ್ಟೆಗಳನ್ನು ತಾನೇ ಎತ್ತುತ್ತಾನೆ. ಅವನಿಗೆಂದು ಯಾರೂ ಏನನ್ನೂ ಹೂತಿಡುವುದಿಲ್ಲ. ಆದರೂ ಒಂದು ತಟ್ಟೆಯನ್ನೂ ಬೆರಳಾಡಿಸದೆ ತೊಟ್ಟಿಗೆ ಬಿಡುವವನಲ್ಲ.